ಮಡಿಲಿಗೆ ಬಿದ್ದ ಅರ್ಧ ಡಾಲರು

ಎರಡಂಗುಲ ಚೌಕದ ಒಂದು ಕಾಗದದ ಲಕೋಟೆ ನನ್ನ ಅಡುಗೆಮನೆಯ ಕಿಟಕಿಯಲ್ಲಿ, ಕರಿಬೇವಿನ ಕುಂಡಕ್ಕೆ ಒರಗಿ ಕೂತು ಇವತ್ತಿಗೆ ಎರಡು ವಾರವಾಯಿತು. ಒಳಗೆ ಏನೂ ಇಲ್ಲ. ಮೇಲೆ ಪೆನ್ಸಿಲಿನಲ್ಲಿ 1806 ಎಂದು ಬರೆದಿದೆ. ಬರಹ ನನ್ನದೇ, ಕಾನ್ವೆಂಟಿನಲ್ಲಿ ವರ್ಷಗಟ್ಟಲೆ ತಿದ್ದಿಸಿದ, ಬಾಗಲು ಹೆದರುವ ಅಂಕಿಗಳು. ದಿನಾ ಬೆಳಗ್ಗೆ ಕುಂಡಕ್ಕೆ ನೀರು ಹಾಕುವಾಗ ಅದನ್ನು ಎತ್ತಿ ಪಕ್ಕಕ್ಕಿಡುತ್ತೇನೆ, ನೀರು ಹಾಕುತ್ತೇನೆ, ಮತ್ತೆ ಅಲ್ಲೇ ಒರಗಿಸುತ್ತೇನೆ. ಕಸದ ಬುಟ್ಟಿ ಎರಡು ಹೆಜ್ಜೆ ದೂರದಲ್ಲಿದೆ. ಆ ಎರಡು ಹೆಜ್ಜೆ ಹಾಕಲು ಯಾಕೋ ಕಾಲು ಬರುತ್ತಿಲ್ಲ.

ಕಾಲು ಬರದಿರುವುದಕ್ಕೆ ಬೇರೆ ಕಾರಣಗಳೂ ಇವೆ ಅನ್ನಿ. ಗಲ್ಫಿನ ಈ ಅಲ್ ಖೋರಿನಲ್ಲಿ ಆಗಸ್ಟು ಎಂದರೆ ಬಿಸಿಲು ಮಾತ್ರವಲ್ಲ, ಸಮುದ್ರದಿಂದ ಎದ್ದು ಬಂದು ಮೈಗೆ ಒದ್ದೆ ಟವೆಲಿನ ಹಾಗೆ ಸುತ್ತಿಕೊಳ್ಳುವ ಸೆಖೆ. ನಲ್ಲಿ ತಿರುಗಿಸಿದರೆ ತಣ್ಣೀರೇ ಕುದಿಯಲು ಹೊರಟಂತೆ ಬರುತ್ತದೆ. ಬೆಳಗ್ಗೆ ಐದಕ್ಕೆ ಇವರನ್ನು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿಗೆ ಹೋಗುವ ಕಂಪನಿ ಬಸ್ಸಿಗೆ ಕಳಿಸಿ, ಆರೂವರೆಗೆ ಮಗಳು ಅನನ್ಯಳನ್ನು ಸ್ಕೂಲ್ ಬಸ್ಸಿಗೆ ಕಳಿಸಿ, ಪರದೆಗಳನ್ನೆಲ್ಲ ಎಳೆದು ಕೂತರೆ ಒಂದು ಬಗೆಯ ದಣಿವು ಬಂದು ಪಕ್ಕದಲ್ಲಿ ಕೂರುತ್ತದೆ. ಕೆಲಸ ಮಾಡಿ ಬಂದ ದಣಿವಲ್ಲ ಅದು. ಇಪ್ಪತ್ತೊಂದು ವರ್ಷದಿಂದ ಜನರನ್ನು ಕಳಿಸಿಕೊಟ್ಟು ಬಂದ ದಣಿವು. ಇಲ್ಲಿ ಯಾರೂ ಉಳಿಯಲು ಬಂದವರಲ್ಲ ನೋಡಿ. ಪಕ್ಕದ ಮನೆಗೆ ಬಂದವರ ಹೆಸರು, ಮಕ್ಕಳ ಹೆಸರು, ಯಾರಿಗೆ ಬೆಳ್ಳುಳ್ಳಿ ಆಗದು, ಯಾರಿಗೆ ಸೋಮವಾರ ಒಪ್ಪತ್ತು ಎಲ್ಲ ಕಲಿತು ಮುಗಿಸುವಷ್ಟರಲ್ಲಿ ಅವರ ಸಾಮಾನು ರಟ್ಟಿನ ಪೆಟ್ಟಿಗೆಗೆ ಸೇರಿರುತ್ತದೆ. ಹೊಸಬರು ಬರುತ್ತಾರೆ. ಮತ್ತೆ ಮೊದಲಿನಿಂದ ಬೆಳ್ಳುಳ್ಳಿ ಕಲಿಯಬೇಕು.

ಲಕೋಟೆಯ ವಿಷಯಕ್ಕೆ ಬರುತ್ತೇನೆ.

ನನ್ನ ವಯಸ್ಸಿನ, ಈ ಊರಿನ ಹೆಂಗಸರು ಚಿನ್ನದ ಬಳೆ ಕೂಡಿಡುತ್ತಾರೆ, ಗಾಜಿನ ಡಬ್ಬಿ ಕೂಡಿಡುತ್ತಾರೆ, ಊರಿಗೆ ಒಯ್ಯಲೆಂದು ಸೇಲಿನಲ್ಲಿ ಸಿಕ್ಕ ಕಂಬಳಿ ಕೂಡಿಡುತ್ತಾರೆ. ನಾನು ಕೂಡಿಡುವುದು ಅಮೆರಿಕ ಎಂಬ ದೇಶ ಹೊಸದಾಗಿ ಹುಟ್ಟಿದ್ದ ಕಾಲದಲ್ಲಿ ಟಂಕಿಸಿದ ಬೆಳ್ಳಿ ಬಂಗಾರದ ನಾಣ್ಯಗಳನ್ನು. ಹೀಗೆ ಹೇಳಿಕೊಂಡರೆ ಭಾರೀ ಕೇಳಿಸುತ್ತದೆ. ಇರುವುದು ಒಂಬತ್ತು. ತಪ್ಪಾಯಿತು, ಈಗ ಎಂಟು. ಅದರಲ್ಲಿ ಬಂಗಾರದ್ದು ಒಂದೇ ಒಂದು, ಇವರ ಅಂಗಿಯ ಗುಂಡಿಯಷ್ಟು ದೊಡ್ಡದು. ಮದುವೆಯಾಗಿ ಹದಿನೈದು ವರ್ಷವಾಯಿತೆಂದು ಇವರು ಬಳೆ ಕೊಡಿಸಲು ಹೊರಟಾಗ ಬಳೆ ಬೇಡ ಇದು ಬೇಕು ಎಂದು ಹಟ ಹಿಡಿದು ತರಿಸಿಕೊಂಡದ್ದು. ಅದನ್ನು ಇಡಲು ಒಂದು ಪುಟ್ಟ ಡಬ್ಬಿ ಹುಡುಕಿಕೊಂಡು ದೋಹಾದ ಚಿನ್ನದಂಗಡಿಯೊಂದಕ್ಕೆ ಹೋದೆ. ಗಾತ್ರ ತೋರಿಸಲು ನಾಣ್ಯ ಹೊರಗೆ ತೆಗೆದದ್ದೇ ತಡ, ಅಲ್ಲಿನ ಮಲಯಾಳಿ ಅಕ್ಕಸಾಲಿಗ ಅದನ್ನು ಚಿಮಟದಲ್ಲಿ ಎತ್ತಿ, "ಚೇಚಿ, ಒರು ಕೊಂಡಿ ವೆಚ್ಚು ತರಾಂ, ಅಚ್ಛಾ ಪೆಂಡೆಂಟ್ ಬನೇಗಾ" ಎಂದು, ಕೊಂಡಿ ಬೆಸೆದು ಒಳ್ಳೆಯ ಪದಕ ಮಾಡಿಕೊಡುವ ಮಾತನ್ನು ಎರಡು ಭಾಷೆಯಲ್ಲಿ ಹೇಳುತ್ತ ಬೆಸುಗೆಯ ಬೆಂಕಿ ಹಚ್ಚಿಯೇ ಬಿಟ್ಟ. ನಾನು ಕೂಗಿದ ಕೂಗಿಗೆ ಪಕ್ಕದಂಗಡಿಯವರು ಎದ್ದು ಬಂದರು. ರೇಗುವ ಹೆಂಗಸಲ್ಲ ನಾನು, ಕೂಗುವ ಹೆಂಗಸಂತೂ ಅಲ್ಲವೇ ಅಲ್ಲ. ಇವರು ಆವತ್ತು ಇಡೀ ದಾರಿ ನಕ್ಕರು. ಆಮೇಲೆ ನನ್ನ ನಾಣ್ಯಗಳಿಗೆ "ನಿನ್ನ ಅಮೆರಿಕದ ಗೆಳತಿಯರು" ಎಂದೇ ಹೆಸರಾಯಿತು.

ಗೆಳತಿಯರು ಎನ್ನಲು ಕಾರಣವಿದೆ. ಆ ಕಾಲದ ನಾಣ್ಯಗಳ ಮೇಲೆಲ್ಲ ಒಬ್ಬಳು ಹೆಂಗಸಿನ ಮುಖ. ರಾಣಿಯಲ್ಲ, ಯಾರ ಹೆಂಡತಿಯೂ ಅಲ್ಲ. ಸ್ವಾತಂತ್ರ್ಯ ಎಂಬುದಕ್ಕೆ ಮುಖ ಕೊಟ್ಟರೆ ಹೇಗಿರುತ್ತದೋ ಹಾಗೆ. ಕೆಲವದರಲ್ಲಿ ತಲೆಗೆ ಟೋಪಿ ಕಟ್ಟಿಕೊಂಡಿರುತ್ತಾಳೆ. 1806ರ ನನ್ನ ಅರ್ಧ ಡಾಲರಿನಲ್ಲಿ ಟೋಪಿಯಿಲ್ಲ, ಉದ್ದ ಕೂದಲು ಬೆನ್ನ ಮೇಲೆ ಹರಡಿದೆ, ಹಿಂದೆ ಒಂದು ರಿಬ್ಬನ್ ಇದ್ದೂ ಇಲ್ಲದ ಹಾಗಿದೆ. ನಮ್ಮತ್ತೆ ಮೂರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದಾಗ ಅವಳನ್ನು ಕಂಡು ಬೆಚ್ಚಿದ್ದರು. "ಇದೇನೇ ಇದು, ಕೂದಲು ಹರಡ್ಕೊಂಡು ಕೂತಿದ್ದಾಳೆ! ಹಣೇಲಿ ಒಂದು ಕುಂಕುಮ ಬೇಡ್ವೇನೇ? ಇವಳನ್ನ ದೇವರ ಗೂಡಿನ ಹತ್ರ ಇಟ್ಟೀಯ ಜೋಕೆ." ನಾನು ಬೀರುವಿನಲ್ಲೇ ಇಟ್ಟೆ.

ಈ ನಾಣ್ಯಗಳ ಅಚ್ಚನ್ನು ಆಗ ಕೈಯಲ್ಲೇ ಕೊರೆಯುತ್ತಿದ್ದರಂತೆ. ಹಾಗಾಗಿ ಒಂದೇ ವರ್ಷದ ಎರಡು ನಾಣ್ಯಗಳು ಒಂದೇ ಥರ ಇರುವುದಿಲ್ಲ. ಒಂದರಲ್ಲಿ ನಕ್ಷತ್ರ ಗಲ್ಲದ ಹತ್ತಿರ, ಇನ್ನೊಂದರಲ್ಲಿ ಸ್ವಲ್ಪ ದೂರ. ಒಂದರಲ್ಲಿ ಮುಂಗುರುಳು ಕಿವಿಯ ಮೇಲೆ, ಇನ್ನೊಂದರಲ್ಲಿ ಹಿಂದೆ. ಸಂಗ್ರಹಕಾರರು ದೊಡ್ಡ ದೊಡ್ಡ ಭೂತಗನ್ನಡಿ ಇಟ್ಟುಕೊಂಡು ಹುಡುಕುವುದು ಇದನ್ನೇ. ನನಗೆ ಇದಕ್ಕೆ ಬೇರೆ ತರಬೇತಿ ಬೇಕಾಗಲಿಲ್ಲ. ಮೂವತ್ತು ವರ್ಷ ಮೊರದಲ್ಲಿ ಅಕ್ಕಿ ಆರಿಸಿದ ಕಣ್ಣಿಗೆ ಬಿಳಿಯದರೊಳಗಿನ ಬಿಳಿಕಲ್ಲು ಕಾಣುತ್ತದೆ.

ಇನ್ನೂ ಒಂದು ಸಂಗತಿ ಎಲ್ಲೋ ಓದಿದ್ದೆ. ಮೊದಮೊದಲು ಬೆಳ್ಳಿಯ ಬಿಲ್ಲೆ ತೂಕಕ್ಕಿಂತ ಹೆಚ್ಚಿದ್ದರೆ ಅರದಿಂದ ಉಜ್ಜಿ ಸರಿಮಾಡುತ್ತಿದ್ದರು, ಆಮೇಲೆ ಅಚ್ಚೊತ್ತುತ್ತಿದ್ದರು. ಆ ಉಜ್ಜುವ ಕೆಲಸಕ್ಕೆ ಟಂಕಸಾಲೆಯಲ್ಲಿ ಹೆಂಗಸರೂ ಇದ್ದರಂತೆ. ನನ್ನ 1806ರ ಮೇಲೆ, ಕುತ್ತಿಗೆಯ ಕೆಳಗೆ, ಓರೆಯಾಗಿ ನಾಲ್ಕು ಸಣ್ಣ ಗೀರುಗಳಿದ್ದವು. ಯಾರೋ ಒಬ್ಬಳು ದಿನವಿಡೀ ತಕ್ಕಡಿಯ ಮುಂದೆ ಕೂತು, ಕೈ ಸೋತು, ಸಂಜೆ ಮನೆಗೆ ಹೋಗಿ ಅಡುಗೆ ಮಾಡಿರಬೇಕು. ಮಧ್ಯಾಹ್ನ ಬಟ್ಟೆ ಮಡಿಸುವುದು ಬೇಡವೆನಿಸಿದಾಗ ನಾನು ಆ ನಾಲ್ಕು ಗೀರುಗಳನ್ನು ನೋಡುತ್ತಿದ್ದೆ. ಸಮಾಧಾನವಾಗುತ್ತಿತ್ತು ಎಂದಲ್ಲ. ಜೊತೆಗೆ ಯಾರೋ ಇದ್ದಂತೆ ಅನಿಸುತ್ತಿತ್ತು.

ಇದೆಲ್ಲ ನನಗೆ ಹತ್ತಿದ್ದು ಸಿಸ್ಟರ್ ಆಗ್ನೆಸ್ ಅವರಿಂದ. ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಚರಿತ್ರೆ ಮತ್ತು ಹೊಲಿಗೆ ಕಲಿಸುತ್ತಿದ್ದ ಅಮೆರಿಕದ ಮುದುಕಿ ಸಿಸ್ಟರು. ಚರಿತ್ರೆಯಲ್ಲಿ ಇಸವಿ ತಪ್ಪಿದರೂ ಕ್ಷಮಿಸುತ್ತಿದ್ದರು, ಹೊಲಿಗೆಯಲ್ಲಿ ಎಳೆ ತಪ್ಪಿದರೆ ಬಿಚ್ಚಿಸುತ್ತಿದ್ದರು. ಅವರ ಅಜ್ಜನಿಂದ ಬಂದ ಒಂದು ಅರ್ಧ ಡಾಲರು ಚರಿತ್ರೆಯ ಕಪಾಟಿನಲ್ಲಿ, ಮದರ್ ಸುಪೀರಿಯರ್ ಅಪ್ಪಣೆಯ ಮೇಲೆ, ಕಪ್ಪು ಮಖಮಲ್ಲಿನ ಮೇಲೆ ಇರುತ್ತಿತ್ತು. ಅದೇ ಕೂದಲು ಬಿಟ್ಟ ಹೆಂಗಸು. ವರ್ಷಕ್ಕೊಮ್ಮೆ ಬೆಂಚಿನಿಂದ ಬೆಂಚಿಗೆ ಅದು ಸಾಗಿ ಬರುತ್ತಿತ್ತು. "ಅಂಚು ಹಿಡಿ, ಮಗು. ಮುಖ ಮುಟ್ಟಬೇಡ" ಎಂದು ಅವರು ಪ್ರತಿಯೊಬ್ಬಳಿಗೂ ಹೇಳುತ್ತಿದ್ದರು. ನಾವು ಹೆಬ್ಬೆರಳು ತೋರುಬೆರಳಿನ ನಡುವೆ ಅಂಚು ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಆ ಅಂಚಿನ ಮೇಲೂ ಅಕ್ಷರಗಳಿದ್ದವು, ಬಳೆಯ ಒಳಮೈಯಲ್ಲಿ ಹೆಸರು ಕೊರೆಸಿದ ಹಾಗೆ. ಯಾರೂ ಓದದ ಜಾಗದಲ್ಲಿ ಯಾಕೆ ಬರೆದರೋ ಎಂದು ಹನ್ನೊಂದು ವರ್ಷದ ನನಗೆ ದಿನಗಟ್ಟಲೆ ಯೋಚನೆ.

ಅಂಥದ್ದೇ ಒಂದು ಬೇಕೆಂದು ಹುಡುಕಲು ಹತ್ತಿ, ಸಿಕ್ಕಲು ಹದಿನಾಲ್ಕು ವರ್ಷ ಹಿಡಿಯಿತು. ಸಿಕ್ಕಿದ್ದು ದೋಹಾದ ಹಳೆಯ ಪೇಟೆ ಸೂಕಿನ ಓಣಿಯೊಂದರಲ್ಲಿ, ಹಳೆ ಸಾಮಾನು ಮಾರುವ ಒಬ್ಬ ಇರಾನಿ ಮುದುಕನ ತಟ್ಟೆಯಲ್ಲಿ. ತುಕ್ಕು ಹಿಡಿದ ಬೀಗಗಳು, ಮುತ್ತಿನ ವ್ಯಾಪಾರಿಗಳ ತೂಕದ ಕಲ್ಲುಗಳು, ಇವುಗಳ ನಡುವೆ ಮುಖ ಮೇಲೆ ಮಾಡಿ ಮಲಗಿದ್ದಳು. ಕಪ್ಪು ಎಂದರೆ ಬರಿಯ ಕಪ್ಪಲ್ಲ. ಸಂಜೆಯ ಕೆರೆಯ ನೀರಿನಂಥ ಕಪ್ಪು. ಅಂಚಿನ ಸುತ್ತ ನವಿಲುಗರಿಯ ನೀಲಿ. ಮುದುಕ ನನ್ನ ಮುಖ ನೋಡಿ ಎದೆಯ ಮೇಲೆ ಕೈಯಿಟ್ಟು, "ಮದಾಮ್, ಮಾಫಿ ಕ್ಲೀನ್. ಮಾಫಿ ಕ್ಲೀನ್" ಎಂದ. ಕ್ಲೀನ್ ಮಾಡಿಲ್ಲ ಎಂಬುದು ಅಂಗಡಿಯವನು ಹೆಮ್ಮೆಯಿಂದ ಹೇಳಿಕೊಳ್ಳುವ ವಸ್ತು ಈ ಲೋಕದಲ್ಲಿ ಇದೊಂದೇ ಇರಬೇಕು.

ಯಾಕೆಂದರೆ ಹಳೆಯ ಬೆಳ್ಳಿ ನಾಣ್ಯದ ಮೇಲೆ ಕಟ್ಟಿದ ಆ ಕಪ್ಪು ಕೊಳೆಯಲ್ಲ. ಇನ್ನೂರು ವರ್ಷದ ಗಾಳಿ ಸೇರಿ ಆದ ಅದರ ತೊಗಲು. ಒಮ್ಮೆ ತಿಕ್ಕಿದರೆ ಹೋಯಿತು, ಮತ್ತೆ ಬರುವುದಿಲ್ಲ. ತಿಳಿದವರು ಅಂಥ ನಾಣ್ಯವನ್ನು ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿ ಪಕ್ಕಕ್ಕಿಡುತ್ತಾರೆ. ದೀಪಾವಳಿಗೆ ಮನೆಯ ಬೆಳ್ಳಿಯನ್ನೆಲ್ಲ ತಿಕ್ಕಿ ಬೆಳಗುವ ಮನೆತನದಲ್ಲಿ ಹುಟ್ಟಿದ ನಾನು, ಕೈ ಕಟ್ಟಿ ಕೂತು ಕಪ್ಪನ್ನು ಕಾಯುವುದನ್ನು ಕಲಿತೆ. ಆಸಿಡ್ ಇಲ್ಲದ ಕಾಗದದ ಲಕೋಟೆ ತರಿಸಿದೆ. ನಾಣ್ಯವನ್ನು ಕೈಯಿಂದ ಮುಟ್ಟದೆ, ಲಕೋಟೆಯ ಬಾಯಿ ತೆರೆದು ಮೃದುವಾದ ಬಟ್ಟೆಯ ಮೇಲೆ ಸುಮ್ಮನೆ ಜಾರಿಸುವುದು ಅಭ್ಯಾಸವಾಯಿತು. ಆ ಅಭ್ಯಾಸವೇ ಕೊನೆಗೆ ಕೈಕೊಟ್ಟದ್ದು.

ಈಗ ಯಶೋದಕ್ಕ ಬರಬೇಕು.

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಹನ್ನೊಂದು ವರ್ಷ ಇದ್ದವರು. ಉಡುಪಿ ಕಡೆಯವರು, ಮನೆಯಲ್ಲಿ ತುಳು. ಗಂಡ ದಾಮೋದರಣ್ಣ ಮೊದಲು ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪಿನಲ್ಲಿದ್ದು, ಆಮೇಲೆ ರಾಸ್ ಲಫಾನಿನ ಗುತ್ತಿಗೆ ಕೆಲಸದಲ್ಲಿ ಫೋರ್‌ಮನ್ ಆದವರು. ಯಶೋದಕ್ಕನ ಮನೆಯಲ್ಲಿ ಕಪ್ಪು ಎಂಬುದಕ್ಕೆ ಜಾಗವಿರಲಿಲ್ಲ. ಪ್ರತಿ ಗುರುವಾರ ಹುಣಸೆಹಣ್ಣು ನೆನೆಸಿಟ್ಟು, ದೀಪ, ತಟ್ಟೆ, ಗಂಟೆ, ಕೊನೆಗೆ ಬಾಗಿಲ ಚಿಲಕದವರೆಗೆ ತಿಕ್ಕುವರು. ಅನನ್ಯ ಚಿಕ್ಕವಳಿದ್ದಾಗ ಅವಳ ಶಾಲೆಯ ಹಿತ್ತಾಳೆಯ ಬ್ಯಾಡ್ಜನ್ನೂ ಬಿಟ್ಟಿರಲಿಲ್ಲ. ಅದರ ಮೇಲಿನ ಬರಹವೇ ಅರ್ಧ ಅಳಿಸಿ ಹೋಗಿತ್ತು. ನನ್ನ ನಾಣ್ಯಗಳ ಸುದ್ದಿ ಗೊತ್ತಿತ್ತು, ನೋಡುವ ಆಸೆ ಇರಲಿಲ್ಲ. "ನೀನು ಯಾರಿಗೂ ಮುಟ್ಲಿಕ್ಕೆ ಬಿಡುದಿಲ್ಲ, ಮುಟ್ಲಿಕ್ಕಿಲ್ಲದ್ದನ್ನು ನೋಡಿ ಎಂತ ಮಾಡುದು? ಮೀನಿನಂಗಡಿಗೆ ಹೋಗಿ ಮೂಗು ಮುಚ್ಚಿಕೊಂಡ ಹಾಗೆ" ಎನ್ನುವರು. ನನಗೆ ಜ್ವರ ಬಂದಾಗ ಗಂಜಿ, ಇವರ ಶಿಫ್ಟು ತಿರುಗಿದಾಗ ಜೊತೆಗೆ ಮಾತು, ಅನನ್ಯಳಿಗೆ ನೀರುದೋಸೆ. ಹನ್ನೊಂದು ವರ್ಷ ಎಂದರೆ ಇಲ್ಲಿ ಮೂರು ತಲೆಮಾರಿಗೆ ಸಮ.

ಗುತ್ತಿಗೆ ಮುಗಿಯಿತು. ಮತ್ತೆ ಹೊಸತು ಬರಲಿಲ್ಲ. ದಾಮೋದರಣ್ಣ ಒಂದು ಸಂಜೆ ನಮ್ಮ ಸೋಫಾದಲ್ಲಿ ಕೂತು, ಚಹಾ ಕುಡಿದು, "ಖಲಾಸ್ ಶಾಲಿನಿಯಮ್ಮ. ಇನ್ನು ಊರಲ್ಲೇ ಗಂಜಿ" ಎಂದು ನಕ್ಕರು. ಯಶೋದಕ್ಕ ನಗಲಿಲ್ಲ. ಅಡುಗೆಮನೆಗೆ ಬಂದು ನನ್ನ ಒಗ್ಗರಣೆ ಸೌಟನ್ನು ತೆಗೆದುಕೊಂಡು ತಿಕ್ಕತೊಡಗಿದರು.

ಹೋಗುವವರಿಗೆ ನಾನು ಮಡಿಲು ತುಂಬಿ ಕಳಿಸುವುದು ನಮ್ಮ ಸಾಲಿನಲ್ಲಿ ರೂಢಿಯಾಗಿದೆ. ಅಮ್ಮ ಮೈಸೂರಿನಲ್ಲಿ ಮಾಡುತ್ತಿದ್ದ ಹಾಗೇ ಅಲ್ಲದಿದ್ದರೂ ಇಲ್ಲಿಗೆ ಒಗ್ಗುವ ಹಾಗೆ. ಮೂರು ಬೊಗಸೆ ಅಕ್ಕಿ, ಬೆಲ್ಲ, ಅರಿಸಿನ ಕುಂಕುಮ, ರವಿಕೆ ಬಟ್ಟೆ, ಎಲೆಯಡಿಕೆ. ಕೊಬ್ಬರಿ ಇಡುವಂತಿಲ್ಲ; ಅದರೊಳಗಿನ ಎಣ್ಣೆಗೆ ಬೆಂಕಿ ತಗಲೀತೆಂದು ವಿಮಾನದವರು ತೆಗೆದು ಹಾಕುತ್ತಾರೆ. ಅದರ ಬದಲು ಖರ್ಜೂರ. ಎಲ್ಲಕ್ಕಿಂತ ಕಷ್ಟ ನಾಣ್ಯದ್ದು. ಇಲ್ಲಿ ಎಲ್ಲ ವ್ಯವಹಾರ ಕಾರ್ಡಿನಲ್ಲಿ, ಇಲ್ಲವೇ ನೋಟಿನಲ್ಲಿ. ಚಿಲ್ಲರೆ ದಿರ್ಹಮು ಸೋಫಾದ ಸಂದಿಯಲ್ಲಿ ಸಿಕ್ಕಿದರೆ ಸಿಕ್ಕಿತು. ಊರಿಗೆ ಹೋಗಿ ಬಂದವರಿಂದ ಒಂದು ರೂಪಾಯಿಯ ಬಿಲ್ಲೆಗಳನ್ನು ಬೇಡಿ ಇಟ್ಟುಕೊಳ್ಳುತ್ತೇನೆ. ಯಶೋದಕ್ಕನಿಗೆ ಮಾತ್ರ ಆ ಬಿಲ್ಲೆ ಸಾಲದೆನಿಸಿತು. ಮದುವೆಯಲ್ಲಿ ಅಮ್ಮ ಐದು ಹಳೆಯ ಬೆಳ್ಳಿ ರೂಪಾಯಿ ಕೊಟ್ಟಿದ್ದರು, ದೊರೆಯ ತಲೆ ಇರುವಂಥವು. ನಾಲ್ಕು ನಾಲ್ಕು ಶುಭಕ್ಕೆ ಹೋಗಿ, ಒಂದು ಉಳಿದಿತ್ತು. ಅದೂ ನನ್ನ ನಾಣ್ಯದ ಪೆಟ್ಟಿಗೆಯಲ್ಲೇ, ಅಂಥದ್ದೇ ಲಕೋಟೆಯಲ್ಲಿ, ಸಾಲಿನ ಕೊನೆಯಲ್ಲಿ ಇರುತ್ತಿತ್ತು. ಅದನ್ನು ಕೊಡುವುದೆಂದು ನಿಶ್ಚಯಿಸಿದೆ.

ಅವರು ಹೊರಟದ್ದು ಶುಕ್ರವಾರ, ಮಧ್ಯಾಹ್ನದ ವಿಮಾನಕ್ಕೆ. ಬೆಳಗ್ಗೆ ನಾಲ್ಕರಿಂದ ನಾನು ನಿಂತೇ ಇದ್ದೆ. ದಾರಿಗೆ ಚಪಾತಿ, ಪಲ್ಯ, ಚಿತ್ರಾನ್ನ. ಅವರ ಖಾಲಿ ಮನೆ ಗುಡಿಸಲು ಕೈ. ಯಾರೂ ಬೇಡವೆಂದ ಕುಕ್ಕರು, ಕರಿಬೇವಿನ ಕುಂಡ ನನ್ನ ಮನೆಗೆ. ಹತ್ತು ಗಂಟೆಗೆ ಕಾರಿನ ಹಾರ್ನು ಕೇಳಿಸಿತು. ತಟ್ಟೆ ಸಿದ್ಧವಿತ್ತು, ನಾಣ್ಯ ಮರೆತಿದ್ದೆ. ಕೋಣೆಗೆ ಓಡಿದೆ. ಬಿಸಿಲಿಗೆ ಪರದೆ ಎಳೆದೇ ಇತ್ತು. ಪೆಟ್ಟಿಗೆ ತೆರೆದು ಕೊನೆಯ ಲಕೋಟೆ ಎಳೆದುಕೊಂಡು ಬಂದೆ. ಹಿಂದಿನ ವಾರ ಪೆಟ್ಟಿಗೆಯ ಧೂಳು ಒರೆಸಿದವಳು ನಾನೇ, ಅರ್ಧ ಡಾಲರನ್ನು ಕೊನೆಗೆ ಇಟ್ಟವಳೂ ನಾನೇ. ಆ ಹೊತ್ತಿಗೆ ಅದೊಂದೂ ನೆನಪಿಗೆ ಬರಲಿಲ್ಲ.

ಎಸಿಯಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜು ಮುಸುಕಿಕೊಂಡಿತು. ಈ ಊರಿನ ಕನ್ನಡಕದವರಿಗೆಲ್ಲ ಗೊತ್ತು, ಆಗಸ್ಟಿನಲ್ಲಿ ಬಾಗಿಲು ದಾಟಿದ ಮೇಲೆ ಒಂದೆರಡು ನಿಮಿಷ ನಾವು ಕುರುಡರು. ಬೆಳ್ಳನೆಯ ಮಂಜಿನೊಳಗೆ ಕಾರಿನ ಆಕಾರ, ಯಶೋದಕ್ಕನ ಆಕಾರ.

"ಎಂತ ಮಾರಾಯ್ತಿ ಇದೆಲ್ಲ? ಸೂಟ್‌ಕೇಸು ಆಗ್ಲೇ ಬಾಯಿ ಬಿಟ್ಟುಂಟು."

"ಮಾತಾಡಬೇಡಿ ಯಶೋದಕ್ಕ. ಸೆರಗು ಹಿಡೀರಿ."

"ಸೆರಗು ಎಲ್ಲಿಂದ ತರುದು? ಚೂಡಿದಾರ ಹಾಕಿದ್ದೇನೆ."

"ವೇಲ್ ಇಲ್ವಾ? ವೇಲೇ ಹಿಡೀರಿ."

ಕಾರಿನೊಳಗಿಂದ ದಾಮೋದರಣ್ಣ, "ಯಲ್ಲಾ ಯಲ್ಲಾ, ಬೇಗ! ವಿಮಾನ ನನ್ನ ಮಾವನ ಮನೆಯದ್ದಲ್ಲ!" ಎಂದು ಕೂಗಿದರು. ಯಶೋದಕ್ಕ ಅತ್ತ ತಿರುಗಿ, "ನಿಮ್ಮ ಮಾವನ ಮನೆಯವರು ಕೊಟ್ಟ ವಾಚು ನೋಡಿಕೊಂಡು ಕೂತ್ಕೊಳ್ಳಿ" ಎಂದರು.  ನಾನು ಮೂರು ಬೊಗಸೆ ಅಕ್ಕಿ ಹಾಕಿದೆ. ಬೆಲ್ಲ, ಖರ್ಜೂರ, ಎಲೆಯಡಿಕೆ. ಕೊನೆಗೆ ಲಕೋಟೆಯ ಬಾಯಿ ತೆರೆದು, ಕೈಯಿಂದ ಮುಟ್ಟದೆ, ಅಕ್ಕಿಯ ಮೇಲೆ ಜಾರಿಸಿದೆ. ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ಅಂಚಿನ ಅಕ್ಷರ ಬೆರಳಿಗೆ ಸಿಕ್ಕುತ್ತಿತ್ತು. ಅದು ಅಕ್ಕಿಯೊಳಗೆ ಮುಳುಗಿತು. ಯಶೋದಕ್ಕ ವೇಲನ್ನು ಎದೆಗೊತ್ತಿಕೊಂಡು ನನ್ನ ಭುಜದ ಮೇಲೆ ತಲೆಯಿಟ್ಟರು. ಕನ್ನಡಕ ಮತ್ತೆ ತಿಳಿಯಾಗುವ ಹೊತ್ತಿಗೆ ಕಾರು ತಿರುವಿನಲ್ಲಿತ್ತು.

ಗೊತ್ತಾದದ್ದು ಸಂಜೆ ನಾಲ್ಕಕ್ಕೆ. ಚಹಾಕ್ಕೆ ನೀರಿಟ್ಟು, ತಟ್ಟೆ ತೊಳೆಯಲು ಎತ್ತಿದರೆ ಅಡಿಯಲ್ಲಿ ಲಕೋಟೆ, ಮೇಲೆ 1806. ಕೋಣೆಗೆ ಹೋಗಿ ಪೆಟ್ಟಿಗೆ ನೋಡಿದೆ. ದೊರೆಯ ರೂಪಾಯಿ ತನ್ನ ಲಕೋಟೆಯಲ್ಲಿ ಬೆಚ್ಚಗಿತ್ತು. ಯಶೋದಕ್ಕ ಆಗ ಅರಬ್ಬೀ ಸಮುದ್ರದ ಮೇಲೆ ಎಲ್ಲೋ ಇದ್ದರು. ನಾನು ಒಲೆ ಆರಿಸಿ, ಮಂಚದ ಮೇಲೆ ಕೂತೆ. ಅಳು ಬರಲಿಲ್ಲ, ಅಳಲೂ ಶಕ್ತಿ ಬೇಕಲ್ಲ.

ರಜೆಯ ದಿನವಾದ್ದರಿಂದ ಇವರು ಮನೆಯಲ್ಲೇ ಇದ್ದರು. ಕೇಳಿ, ಮೊದಲು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು.

"ಅದಕ್ಕೇನೀಗ? ಇಳಿದ ಮೇಲೆ ಒಂದು ಮೆಸೇಜ್ ಹಾಕು. ಬದಲಾಗಿ ಬಂದಿದೆ, ಹಾಗೇ ಒಂದು ಕವರಲ್ಲಿ ಇಟ್ಟಿರಿ ಅಂತ. ನಾವು ರಜಕ್ಕೆ ಹೋದಾಗ ಈ ರೂಪಾಯಿ ಕೊಟ್ಟು ಅದನ್ನ ತಂದ್ರಾಯ್ತು."

"ಮಡಿಲಿಗೆ ಹಾಕಿದ್ದನ್ನ ವಾಪಸ್ ಕೇಳೋದಾ ರೀ?"

"ಪ್ಲಾಂಟಲ್ಲಿ ತಪ್ಪು ವಾಲ್ವ್ ತೆಗೆದ್ರೆ ತಕ್ಷಣ ಮುಚ್ತೀವಿ ಕಣೇ. ಶಾಸ್ತ್ರ ಕೇಳ್ಕೊಂಡು ಕೂರಲ್ಲ."

"ಅಮ್ಮ, ಜಸ್ಟ್ ಕೇಳು" ಎಂದಳು ಅನನ್ಯ, ಫೋನಿನಿಂದ ತಲೆಯೆತ್ತದೆ. "ಯಶೋದಾಂಟಿ ವಿಲ್ ಬಿ ಸೋ ಚಿಲ್."

ಇಬ್ಬರೂ ಹೇಳಿದ್ದು ಸರಿಯೇ. ನಾನು ಮೆಸೇಜು ಬರೆಯಲು ಕೂತೆ. "ಯಶೋದಕ್ಕ, ಸುಖವಾಗಿ ತಲುಪಿದಿರಾ? ಅಂದ ಹಾಗೆ" ಎಂದು ಬರೆದು ನಿಂತೆ. "ಅಂದ ಹಾಗೆ" ಅಳಿಸಿ ಉಳಿದದ್ದನ್ನು ಕಳಿಸಿದೆ. ಮರುದಿನ "ಬಾಡಿಗೆ ಮನೆ ಹೇಗಿದೆ? ಅಂದ ಹಾಗೆ". ಮತ್ತೆ ಅಳಿಸಿದೆ. ನಾಲ್ಕು ದಿನ ಅಂದ ಹಾಗೆಯ ಆಚೆ ನನ್ನ ಬೆರಳು ಹೋಗಲಿಲ್ಲ. ಕೆಲಸ ಹೋಗಿ, ಹನ್ನೊಂದು ವರ್ಷದ ಮನೆ ಬಿಟ್ಟು, ಉಡುಪಿಯಲ್ಲಿ ಯಾರದೋ ಮಹಡಿಯ ಮೇಲೆ ಪೆಟ್ಟಿಗೆಗಳ ನಡುವೆ ಕೂತಿರುವ ಹೆಂಗಸಿಗೆ, ನಾನು ತುಂಬಿದ ಮಡಿಲಿನಿಂದ ಒಂದು ವಸ್ತು ವಾಪಸ್ ಕೊಡಿ ಎಂದು ಹೇಗೆ ಹೇಳುವುದು? ಹೇಳದಿದ್ದರೆ ಗುರುವಾರ ಬರುತ್ತಿತ್ತು. ಹುಣಸೆಹಣ್ಣಿನ ಗುರುವಾರ.

ಮೊದಲ ಗುರುವಾರ ದಾಟಿತು. ಯಶೋದಕ್ಕನ 'ಸಾಮಾನು ಇನ್ನೂ ಬಿಚ್ಚಿಲ್ಲ' ಎಂಬ ಉತ್ತರ ಓದಿ ನಾನು ಮರೆಯಲ್ಲಿ ನಿಟ್ಟುಸಿರು ಬಿಟ್ಟೆ. ಗೆಳತಿಯ ಕಷ್ಟಕ್ಕೆ ಸಮಾಧಾನಪಟ್ಟುಕೊಂಡ ಪಾಪವೂ ಲೆಕ್ಕಕ್ಕೆ ಸೇರಿತು.

ಹುಣಸೆಹಣ್ಣಿಗೆ ನಾನು ಇಷ್ಟು ಹೆದರಲು ಕಾರಣವನ್ನು ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡೆ. ಹೇಳಲು ಈಗಲೂ ನಾಚಿಕೆ.

ಏಳನೇ ತರಗತಿಯಲ್ಲಿ ನಾನು ಚರಿತ್ರೆಯ ಕಪಾಟಿನ ಮಾನಿಟರ್ ಆಗಿದ್ದೆ. ಶುಕ್ರವಾರ ಕೊನೆಯ ಪಿರಿಯಡ್ಡಿನಲ್ಲಿ ಧೂಳು ಒರೆಸುವ ಅಧಿಕಾರ, ಅದಕ್ಕೆ ಒಂದು ಕೀಲಿಕೈ. ದೀಪಾವಳಿ ಹತ್ತಿರ ಬಂದಿತ್ತು. ಮನೆಯಲ್ಲಿ ಅಜ್ಜಿ ವಿಭೂತಿ ಹಾಕಿ ಬೆಳ್ಳಿ ತಿಕ್ಕುವುದನ್ನು ಕಂಡು ಬಂದವಳಿಗೆ, ನಮ್ಮ ಸಿಸ್ಟರ್ ನಾಣ್ಯ ಒಂದೇ ಹೀಗೆ ಮಸಿ ಹಿಡಿದು ಕೂತಿದೆಯಲ್ಲ ಎಂದು ಕನಿಕರವಾಯಿತು. ಮುದುಕಿ, ಊರು ಬಿಟ್ಟು ಬಂದವರು, ಇವರಿಗೆ ಯಾರು ತಿಕ್ಕಿಕೊಡಬೇಕು? ಒಂದು ವಿಭೂತಿಯ ಗಟ್ಟಿ ಮುರಿದು ಕಾಗದದಲ್ಲಿ ಕಟ್ಟಿಕೊಂಡು ಹೋದೆ. ಏಸುವಿನ ಪಟದ ಕೆಳಗೆ ಕೂತು, ಅಮೆರಿಕದ ಸ್ವಾತಂತ್ರ್ಯದೇವಿಯನ್ನು ಅರ್ಧ ಗಂಟೆ ವಿಭೂತಿಯಲ್ಲಿ ತಿಕ್ಕಿದೆ. ಕನ್ನಡಿಯಾಯಿತು. ಓಡಿ ಹೋಗಿ ಅಂಗೈಯಲ್ಲಿಟ್ಟು ತೋರಿಸಿದೆ.

ಸಿಸ್ಟರ್ ಆಗ್ನೆಸ್ ಅದನ್ನು ಅಂಚು ಹಿಡಿದು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ನನಗೆ ಬೆನ್ನು ಮಾಡಿ ನಿಂತಿದ್ದರು; ಅವರ ತಲೆವಸ್ತ್ರದ ಹೊಲಿಗೆಯ ಒಂದು ಎಳೆ ಬಿಟ್ಟುಹೋದದ್ದು ಕಾಣುತ್ತಿತ್ತು. ಆಮೇಲೆ ತಿರುಗಿ, ನನ್ನ ವಿಭೂತಿಯ ಕೈಯನ್ನು ತಮ್ಮ ಕರ್ಚೀಫಿನಲ್ಲಿ ಒರೆಸುತ್ತ, "ಎಷ್ಟು ಚೆನ್ನಾಗಿ ಹೊಳೆಯುತ್ತಿದೆ! ಥ್ಯಾಂಕ್ ಯೂ, ಮಗು" ಎಂದರು.

ಮುಂದಿನ ವರ್ಷ ನಾಣ್ಯ ಬೆಂಚಿಗೆ ಬರಲಿಲ್ಲ. ಈಗ ಹೊಳೆಯುತ್ತಿದೆಯಲ್ಲ, ಜೋಪಾನ ಮಾಡಿದ್ದಾರೆ ಎಂದುಕೊಂಡೆ. ಅವರು ಆವತ್ತು ಏನನ್ನು ನುಂಗಿಕೊಂಡರು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಲ್ ಖೋರಿನ ಇದೇ ಮನೆಯಲ್ಲಿ, ನಾಣ್ಯಗಳ ಬಗೆಗಿನ ಒಂದು ಪುಸ್ತಕದ ಮೊದಲ ಪುಟದಲ್ಲಿ. 'ಯಾವ ಕಾರಣಕ್ಕೂ ತಿಕ್ಕಬೇಡಿ' ಎಂದು ದಪ್ಪ ಅಕ್ಷರದಲ್ಲಿತ್ತು. ಆಗ ಸಿಸ್ಟರ್ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಅಂಥದ್ದೇ ಒಂದನ್ನು ಹುಡುಕಲು ಶುರು ಮಾಡಿದ್ದು ಆ ಮೇಲೆ. ಕಪ್ಪಾಗಿಯೇ ಇರುವಂಥದ್ದು, ಯಾರೂ ಪ್ರೀತಿಯಿಂದ ಕೆಡಿಸದಂಥದ್ದು.

ಹನ್ನೊಂದನೆಯ ದಿನ, ಸೋಮವಾರ ಬೆಳಗ್ಗೆ, ನಿಶ್ಚಯ ಮಾಡಿದೆ. ಮೆಸೇಜು ಬೇಡ, ನೇರ ಮಾತು. 'ಯಶೋದಕ್ಕ, ನನ್ನಿಂದ ಒಂದು ತಪ್ಪಾಗಿದೆ.' ಈ ವಾಕ್ಯವನ್ನು ಬೇಳೆ ತೊಳೆಯುತ್ತ ಮೂರು ಸಲ ಅಭ್ಯಾಸ ಮಾಡಿದೆ. ಕೈ ಒರೆಸಿಕೊಂಡು ಫೋನು ಎತ್ತಿಕೊಳ್ಳುವಾಗಲೇ ಅದು ತಾನಾಗಿ ಬಡಿದುಕೊಂಡಿತು. ವಿಡಿಯೋದಲ್ಲಿ ಯಶೋದಕ್ಕ, ಹಿಂದೆ ಸುಣ್ಣ ಬಳಿದ ಗೋಡೆ, ಒಂದು ಮೊಳೆ.

"ಶಾಲಿನೀ, ಕಳ್ಳೀ!" ಎಂದರು. ಕಣ್ಣು ಕೆಂಪಾಗಿತ್ತು.

"ಏನಾಯ್ತು ಯಶೋದಕ್ಕ?"

"ಎಂತ ಆಯ್ತಾ? ಮಡಿಲಿನ ಅಕ್ಕಿ ಇವತ್ತು ಪಾಯಸ ಮಾಡುವ ಅಂತ ಚೀಲ ಬಿಚ್ಚಿದೆ. ಏನೋ ಕರೀ ಬಿಲ್ಲೆ ಬಿತ್ತು. ಹಳೇ ರೂಪಾಯಿ ಹಾಕಿದ್ದಾಳೆ ಹುಡುಗಿ ಅಂತ ತೊಳೆದು ನೋಡಿದ್ರೆ ಅಮೆರಿಕ ಅಂತ ಬರ್ದುಂಟು! ನಿನ್ನ ಆ ಪೆಟ್ಟಿಗೆಯದ್ದಲ್ವಾ ಮಾರಾಯ್ತಿ ಇದು? ನಮ್ಮ ಇವರಿಗೆ ತೋರಿಸಿದೆ. ಇದು ಆಯಮ್ಮನ ಜೀವ, ನಿನಗೆ ಕೊಟ್ಟುಬಿಟ್ಟಿದ್ದಾಳಲ್ಲಾ ಅಂತ ಅವರೂ ಹೇಳಿದ್ರು."

ನನ್ನ ಅಭ್ಯಾಸದ ವಾಕ್ಯ ನಾಲಿಗೆಯ ತುದಿಯಲ್ಲಿತ್ತು.

"ಹನ್ನೊಂದು ವರ್ಷ ಮುಟ್ಲಿಕ್ಕೆ ಬಿಡ್ಲಿಲ್ಲ. ಕೊನೆಗೆ ಸುಮ್ಮನೆ, ಒಂದು ಮಾತು ಹೇಳದೆ, ಅಕ್ಕಿಯ ಅಡಿಯಲ್ಲಿ ಹಾಕಿ ಕಳಿಸಿದ್ದೀಯಲ್ಲ. ಇಲ್ಲಿ ಬಂದ ಮೇಲೆ ನಮ್ಮವರೇ, 'ಅಷ್ಟು ವರ್ಷ ಇದ್ದು ಎಂತ ತಂದ್ರಿ' ಅಂತ ಕೇಳುದು. ಇವತ್ತು ನಾನು ತೋರಿಸಿದೆ, ನೋಡಿ ಇದು ತಂದೆ ಅಂತ." ಅವರು ವೇಲಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ದನಿ ಬದಲಾಯಿತು, ಗುರುವಾರದ ದನಿ. "ಆದ್ರೆ ಎಷ್ಟು ಕೊಳೆ ಮಾರಾಯ್ತಿ! ನೀನು ಇಷ್ಟು ಶುದ್ಧದವಳು, ಅದನ್ನು ಹಾಗೆ ಇಟ್ಟದ್ದು ಹೇಗೆ? ಬರೀ ಹುಣಸೆಹಣ್ಣಿಗೆ ಬಿಡ್ಲಿಲ್ಲ. ಉಪ್ಪು ಹಾಕಿ, ಆಮೇಲೆ ಬೂದಿ ಹಾಕಿ ತಿಕ್ಕಿದೆ. ರಟ್ಟೆ ಬಿದ್ದುಹೋಯ್ತು. ನೋಡು ಈಗ."

ಪರದೆಯ ತುಂಬ ಬಿಳಿ ಬೆಳಕು. ಅದರೊಳಗಿಂದ ಮೆಲ್ಲಗೆ ಅವಳ ಮುಖ ಮೂಡಿತು. ಕೆರೆಯ ಕಪ್ಪು ಇರಲಿಲ್ಲ, ನವಿಲುಗರಿಯ ನೀಲಿ ಇರಲಿಲ್ಲ. ಹಣೆಯ ಮೇಲೆ ಗುಂಡಗೆ, ದೊಡ್ಡದಾಗಿ, ಕುಂಕುಮ.

"ಎಣ್ಣೆಸ್ನಾನ ಮಾಡಿ ಕೂದಲು ಒಣಗಿಸ್ಲಿಕ್ಕೆ ಕೂತವಳ ಹಾಗೆ ಉಂಟಲ್ವಾ?" ಎಂದರು ಯಶೋದಕ್ಕ. "ದೇವರ ಹತ್ರ ಇಟ್ಟಿದ್ದೇನೆ. ಎಂತ, ಮಾತಾಡುದಿಲ್ಲ? ಚಂದ ಇಲ್ವಾ?"

ಕಣ್ಣು ತಾನಾಗಿ ಆ ನಾಲ್ಕು ಗೀರುಗಳನ್ನು ಹುಡುಕಿತು. ಹೊಳಪಿನಲ್ಲಿ ಕಾಣಲಿಲ್ಲ. ಕಂಡದ್ದು ನಾಣ್ಯವನ್ನು ಹಿಡಿದಿದ್ದ ಯಶೋದಕ್ಕನ ಬೆರಳುಗಳು, ಹುಣಸೆಹುಳಿಗೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು.

"ಎಷ್ಟು ಚೆನ್ನಾಗಿ ಹೊಳೀತಾ ಇದೆ ಯಶೋದಕ್ಕ" ಎಂದೆ. "ಥ್ಯಾಂಕ್ಸ್."

"ನನಗೆ ಎಂತ ಥ್ಯಾಂಕ್ಸ್, ಹುಚ್ಚಿ!" ಎಂದು ನಕ್ಕರು. ಹಿಂದೆ ಕುಕ್ಕರು ಕೂಗಿತು. ಪಾಯಸಕ್ಕೆ ಬೆಲ್ಲ ಹಾಕಬೇಕೆಂದು ಓಡಿದರು.

ಸಂಜೆ ಇವರು ಬಸ್ಸಿಳಿದು ಬಂದು, ಶೂ ಬಿಚ್ಚುತ್ತ, "ಮಾತಾಡಿದ್ಯಾ?" ಎಂದರು.

"ಮಾತಾಡಿದೆ."

"ಹೇಳಿದ್ಯಾ?"

"ಹೇಳಿದೆ."

"ಏನಂತ?"

"ಚೆನ್ನಾಗಿ ಹೊಳೀತಿದೆ ಅಂತ."

ಇವರು ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ, ತಾವೇ ಚಹಾಕ್ಕೆ ನೀರಿಟ್ಟರು. ನನ್ನ ನೆನಪಿನಲ್ಲಿ ಇದು ಎರಡನೆಯ ಸಲ.

ಇವತ್ತು ಬೆಳಗ್ಗೆ ಕುಂಡಕ್ಕೆ ನೀರು ಹಾಕಿದ ಮೇಲೆ ಲಕೋಟೆಯನ್ನು ಕೈಗೆತ್ತಿಕೊಂಡೆ. ಕಾಗದ ಒಳ್ಳೆಯದು, ಇನ್ನೊಂದು ನಾಣ್ಯಕ್ಕೆ ಆದೀತು. ಅನನ್ಯಳ ಪೆನ್ಸಿಲ್ ಡಬ್ಬಿಯಿಂದ ರಬ್ಬರು ತಂದು, ಮೇಲಿನ 1806ನ್ನು ಅಳಿಸೋಣವೆಂದು ಮೇಜಿನ ಮೇಲೆ ಹಾಸಿಟ್ಟೆ. ಆಮೇಲೆ ರಬ್ಬರನ್ನು ಡಬ್ಬಿಗೆ ವಾಪಸ್ ಹಾಕಿ ಬಂದೆ. ತಿಕ್ಕುವುದು ಬೇಡ. ಅದು ಹಾಗೇ ಇರಲಿ.